ಗೆಲ್ಲುವವರು ಯಾರೆಂದು ಗೊತ್ತಿದ್ದ ಮೇಲೂ

ಕಾರ್ಕಳದಲ್ಲಿ, ಬಂಡೆಗುಡ್ಡದ ನೆತ್ತಿಯ ಮೇಲೆ 1432ರಿಂದ ನಿಂತಿರುವ ಗೊಮ್ಮಟ, ಅಂದರೆ ಬಾಹುಬಲಿ, ಕುಸ್ತಿಯೊಂದನ್ನು ಗೆದ್ದು ಅಖಾಡ ಬಿಟ್ಟು ಹೋದವನು. ವೀರಪಾಂಡ್ಯ ಭೈರರಸ ನಿಲ್ಲಿಸಿದ ಸುಮಾರು 42 ಅಡಿಯ ಈ ಮೂರ್ತಿಯನ್ನು ನಾವು ತ್ಯಾಗದ ಮೂರ್ತಿ ಎಂದು ನೋಡಿ ಕೈಮುಗಿಯುತ್ತೇವೆ. ಆದರೆ ಆ ತ್ಯಾಗ ಹುಟ್ಟಿದ್ದು ಒಂದು ಮಲ್ಲಯುದ್ಧದ ನಡುವೆ. ಜೈನ ಪುರಾಣಗಳು, ಅವುಗಳಲ್ಲಿ ಕನ್ನಡದ ಮಟ್ಟಿಗೆ ಪಂಪನ ಆದಿಪುರಾಣ, ಆ ಜಗಳವನ್ನು ಕಟ್ಟಿದ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬಾಹುಬಲಿಯ ಅಣ್ಣ ಭರತ ಷಟ್ಖಂಡವನ್ನು ಗೆದ್ದು ಊರಿಗೆ ಮರಳುತ್ತಾನೆ. ಇಡೀ ಭೂಮಿಯನ್ನು ಗೆಲ್ಲಿಸಿಕೊಟ್ಟ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ, ಒಳಗೆ ಬರಲೊಲ್ಲದು. ಕಾರಣ, ಸ್ವಂತ ತಮ್ಮಂದಿರೇ ಇನ್ನೂ ತಲೆಬಾಗಿಲ್ಲ. ಉಳಿದವರೆಲ್ಲ ರಾಜ್ಯ ಬಿಟ್ಟು ದೀಕ್ಷೆ ಹಿಡಿಯುತ್ತಾರೆ. ಬಾಹುಬಲಿ ಮಾತ್ರ ಅಣ್ಣನೆಂದು ನಮಸ್ಕರಿಸಬಲ್ಲೆ, ಚಕ್ರವರ್ತಿಯೆಂದು ಮಣಿಯಲಾರೆ ಎಂದು ನಿಲ್ಲುತ್ತಾನೆ. ಸೇನೆಗಳು ಎದುರುಬದುರಾದಾಗ ಮಂತ್ರಿಗಳು ನಡುವೆ ಬರುತ್ತಾರೆ: ಜಗಳ ಇಬ್ಬರದು, ಸಾವಿರಾರು ಜನ ಏಕೆ ಸಾಯಬೇಕು? ಹಾಗೆ ನಿಶ್ಚಯವಾದದ್ದು ಮೂರು ಸುತ್ತಿನ ಪಂದ್ಯ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ತಮ್ಮ ಎತ್ತರದವನಾದ್ದರಿಂದ ಕತ್ತೆತ್ತಿ ನೋಡಬೇಕಾದ ಅಣ್ಣನ ಕಣ್ಣು ಮೊದಲು ಮಿಟುಕುತ್ತದೆ. ನೀರಿನಲ್ಲಿಯೂ ಎತ್ತರವೇ ಗೆಲ್ಲುತ್ತದೆ. ಕೊನೆಗೆ ಕುಸ್ತಿಯಲ್ಲಿ ಬಾಹುಬಲಿ ಅಣ್ಣನನ್ನು ಎರಡೂ ಕೈಯಲ್ಲಿ ಮೇಲೆತ್ತುತ್ತಾನೆ, ನೆಲಕ್ಕೆ ಅಪ್ಪಳಿಸುವುದಿಲ್ಲ. ಅವಮಾನ ತಾಳಲಾರದ ಭರತ ನಿಯಮ ಮುರಿದು ಚಕ್ರ ಪ್ರಯೋಗಿಸುತ್ತಾನೆ. ಚಕ್ರ ಬಾಹುಬಲಿಗೆ ಪ್ರದಕ್ಷಿಣೆ ಬಂದು ಸುಮ್ಮನಾಗುತ್ತದೆ.

ಈ ಕಥೆ ಕೇಳುವವರಿಗೆಲ್ಲ ಗೆಲ್ಲುವವನು ಯಾರೆಂದು ಮೊದಲೇ ಗೊತ್ತು. ಆದರೂ ಅಣ್ಣ ಮೇಲೆತ್ತಲ್ಪಟ್ಟ ಗಳಿಗೆಯಲ್ಲಿ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಬಾಗಿಲಲ್ಲಿ ನಿಂತ ಚಕ್ರ ಜಗಳಕ್ಕೆ ಕಾರಣ ಕೊಟ್ಟಿದೆ, ಒಂದೇ ತಂದೆಯ ಮಕ್ಕಳೆಂಬ ನಂಟು ಅದಕ್ಕೆ ನೋವು ಕೊಟ್ಟಿದೆ, ಮೂರು ಸುತ್ತುಗಳು ಕಾಯಿಸಿವೆ, ನಿಯಮಭಂಗ ಸಿಟ್ಟೇರಿಸಿದೆ. ಇಷ್ಟು ಸಾಮಗ್ರಿ ಕೈಯಲ್ಲಿದ್ದರೆ ಫಲಿತಾಂಶದ ಗುಟ್ಟು ಬೇಕಾಗುವುದಿಲ್ಲ. ಪ್ರೊಫೆಷನಲ್ ರೆಸ್ಲಿಂಗ್, ನಮ್ಮ ಮನೆಗಳ ಟಿವಿಯಲ್ಲಿ ಡಬ್ಲ್ಯುಡಬ್ಲ್ಯುಎಫ್ ಎಂದೂ ಆಮೇಲೆ ಡಬ್ಲ್ಯುಡಬ್ಲ್ಯುಇ ಎಂದೂ ಪರಿಚಿತವಾದ ಆ ಆಟ, ಇದೇ ಸಾಮಗ್ರಿಯಿಂದ ಬದುಕುತ್ತಿದೆ. ಅದರ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯಾದರೋ ಮೂರು ದಶಕಗಳಿಂದ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತಿದೆ: ಹೊಡೆತ ನಿಜವೋ ನಾಟಕವೋ? ಈ ಪ್ರಶ್ನೆಯಿಂದ ಆ ಕಲೆಯನ್ನು ಅಳೆಯಲಾಗದು. ಅಲ್ಲಿ ಇಬ್ಬರ ನಡುವಿನ ಹಗೆಯನ್ನು ಎಷ್ಟು ಚೆನ್ನಾಗಿ ಕಟ್ಟಿದ್ದಾರೆ ಎಂದು ಕೇಳಬೇಕು. ಹಾಗೆ ಕೇಳಿದಾಗ ಅದರ ಶ್ರೇಷ್ಠ ಗಳಿಗೆಗಳಿಗೆ ಗೌರವ ಸಿಗುತ್ತದೆ, ಕಳಪೆ ಕೆಲಸಕ್ಕೆ ಸರಿಯಾದ ಬೈಗುಳವೂ ಸಿಗುತ್ತದೆ. ಕರಾವಳಿಯ ಪ್ರೇಕ್ಷಕನಿಗೆ ಹೀಗೆ ಕೇಳುವ ತರಬೇತಿ ಹುಟ್ಟಿನಿಂದಲೇ ಇದೆ.

ಕುಸ್ತಿ ಕಥೆಯ ಕಡೆಗೆ ಏಕೆ ಸರಿಯಿತು ಎಂಬುದಕ್ಕೆ ಒಂದು ಪಂದ್ಯವನ್ನು ನೋಡಿದರೆ ಸಾಕು. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನನಿಗೂ ಪೋಲೆಂಡಿನ ಸ್ಟಾನಿಸ್ಲಾವ್ ಝಬಿಸ್ಕೊಗೂ ಕುಸ್ತಿ ನಡೆಯಿತು. ಅದು ಅಪ್ಪಟ ಅಸಲಿ ಪಂದ್ಯ. ಗಾಮಾನ ಶಕ್ತಿಯ ಅಂದಾಜು ಸಿಕ್ಕಿದ ಕೂಡಲೇ ಝಬಿಸ್ಕೊ ನೆಲಕ್ಕೆ ಅಂಟಿಕೊಂಡ. ಎರಡೂವರೆ ಗಂಟೆಗೂ ಮಿಕ್ಕಿ ನಡೆದ ಪಂದ್ಯದ ಹೆಚ್ಚಿನ ಹೊತ್ತು ಅವನು ಹಾಗೆಯೇ ಮಲಗಿದ್ದ, ಗಾಮಾ ಅವನನ್ನು ಮಗುಚಿಹಾಕಲು ಹೆಣಗುತ್ತಿದ್ದ. ನೋಡಲು ಬಂದವರಿಗೆ ರೇಗಿಹೋಯಿತು. ಪಂದ್ಯ ಸಮವಾಯಿತು, ಮರುವಾರಕ್ಕೆ ಮುಂದೂಡಿದ ಮುಕ್ತಾಯಕ್ಕೆ ಝಬಿಸ್ಕೊ ಬರಲೇ ಇಲ್ಲ. ಅದೇ ಇಬ್ಬರು 1928ರಲ್ಲಿ ಪಟಿಯಾಲದಲ್ಲಿ ಎದುರಾದಾಗ ಗಾಮಾ ಒಂದು ನಿಮಿಷದೊಳಗೆ ಅವನನ್ನು ಚಿತ್ ಮಾಡಿದ. ಒಂದು ಮುಗಿಯಲೇ ಇಲ್ಲ, ಇನ್ನೊಂದು ಶುರುವಾಗುವುದರೊಳಗೆ ಮುಗಿಯಿತು. ಅಸಲಿ ಕುಸ್ತಿಯ ದೊಡ್ಡತನ ಅದು, ಅದರ ಹೊಣೆ ಪೈಲ್ವಾನನ ಮರ್ಯಾದೆಗೇ ಹೊರತು ಪ್ರೇಕ್ಷಕನ ಸಂಜೆಗಲ್ಲ. ಟಿಕೆಟ್ ಮಾರಿ ಬದುಕುವವರಿಗೆ ಮಾತ್ರ ಅಷ್ಟು ಸಾಲದು. 1920ರ ದಶಕದ ಅಮೆರಿಕದಲ್ಲಿ ಎಡ್ ‘ಸ್ಟ್ರಾಂಗ್ಲರ್’ ಲೂಯಿಸ್, ಬಿಲ್ಲಿ ಸ್ಯಾಂಡೊ, ಟೂಟ್ಸ್ ಮಾಂಟ್ ಎಂಬ ಮೂವರು ಸೇರಿ ಕುಸ್ತಿಗೆ ವೇಗ, ಹೊತ್ತಿನ ಮಿತಿ, ಊರಿಂದೂರಿಗೆ ಮುಂದುವರಿಯುವ ಜಿದ್ದು ಇವನ್ನೆಲ್ಲ ತುಂಬಿದರು. ಈ ಆಟ ನಮ್ಮ ದೇಶಕ್ಕೂ ಬಂತು. 1950ರ, 60ರ ದಶಕಗಳಲ್ಲಿ ದಾರಾ ಸಿಂಗ್ ಮತ್ತು ಕಿಂಗ್ ಕಾಂಗ್ ಎಂಬ ಹೆಸರಿನ ದೈತ್ಯನ ಸೆಣಸಾಟಕ್ಕೆ ಜನ ಕಿಕ್ಕಿರಿಯುತ್ತಿದ್ದರು. ಅದೇ ದಾರಾ ಸಿಂಗ್ 1987ರಲ್ಲಿ ರಾಮಾನಂದ ಸಾಗರರ ರಾಮಾಯಣದಲ್ಲಿ ಹನುಮಂತನಾಗಿ ಬಂದಾಗ ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ಕಾಣಬೇಕಾದ ಕಾರಣವೂ ಇರಲಿಲ್ಲ.

ಹಗೆಯನ್ನು ಕಟ್ಟುವುದು ಎಂದರೇನು ಎಂಬುದಕ್ಕೆ 1997ರ ಮಾರ್ಚ್ 23ರ ರಾತ್ರಿ, ಶಿಕಾಗೊ ಪಕ್ಕದ ರೆಸಲ್‌ಮೇನಿಯಾ 13ರಲ್ಲಿ ನಡೆದ ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್ ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹಾರ್ಟ್ ಸಜ್ಜನ, ಮಕ್ಕಳ ಪ್ರೀತಿಯ ನಾಯಕ, ನಿಯಮ ಮೀರದವನು. ಆಸ್ಟಿನ್ ಬಾಯಿಹರುಕ, ಮೋಸಗಾರ. ರಿಂಗಿನಿಂದ ಹೊರಬಿದ್ದವನು ಸೋಲುವ ರಾಯಲ್ ರಂಬಲ್‌ನಲ್ಲಿ, ಆ ವರ್ಷದ ಜನವರಿಯಲ್ಲಿ, ಹಾರ್ಟ್ ಅವನನ್ನು ಹೊರಗೆಸೆದದ್ದು ರೆಫರಿಗಳ ಕಣ್ಣಿಗೆ ಬೀಳಲಿಲ್ಲ, ಆಸ್ಟಿನ್ ಮೆಲ್ಲನೆ ಒಳನುಸುಳಿ ಗೆದ್ದುಬಿಟ್ಟಿದ್ದ. ಅಲ್ಲಿಂದಾಚೆಗೆ ಹಾರ್ಟ್‌ನ ಬಾಯಲ್ಲಿ ದೂರು ಶುರುವಾಯಿತು. ತನಗೆ ಅನ್ಯಾಯವಾಗಿದೆ ಎಂದ, ನಿಜಕ್ಕೂ ಆಗಿತ್ತು. ಆದರೆ ವಾರವಾರವೂ ಅದನ್ನೇ ಹೇಳುತ್ತಾ ಹೋದಂತೆ ಸಜ್ಜನನ ದನಿ ಗೊಣಗಾಟವಾಯಿತು. ಇತ್ತ ಆಸ್ಟಿನ್‌ನ ಹಟದಲ್ಲಿ ಜನರಿಗೆ ಏನೋ ಇಷ್ಟವಾಗತೊಡಗಿತ್ತು. ಪಂದ್ಯ ಪ್ರೇಕ್ಷಕರ ನಡುವೆಯೇ ಹೊರಳಾಡಿ ರಿಂಗಿಗೆ ಮರಳಿತು. ಕೊನೆಗೆ ಹಾರ್ಟ್ ತನ್ನ ಶಾರ್ಪ್‌ಶೂಟರ್ ಪಟ್ಟು ಹಾಕಿ ಆಸ್ಟಿನ್‌ನ ಕಾಲುಗಳನ್ನು ಹೆಣೆದು ಬೆನ್ನು ಮುರಿಯುವಂತೆ ಬಾಗಿಸಿದ. ಆಸ್ಟಿನ್‌ನ ಹಣೆ ಒಡೆದಿದೆ, ನೆತ್ತರು ಮುಖದ ಮೇಲಿಳಿದು ಹಲ್ಲುಗಳ ಸಂದಿಗೆ ಬಂದಿದೆ. ಒಮ್ಮೆ ಕೈಯೂರಿ ಎದ್ದು ಪಟ್ಟನ್ನು ಇನ್ನೇನು ಬಿಡಿಸಿಕೊಂಡ ಎನ್ನುವಷ್ಟರಲ್ಲಿ ಮತ್ತೆ ಕುಸಿಯುತ್ತಾನೆ. ಸೋಲೊಪ್ಪುವೆಯಾ ಎಂದು ರೆಫರಿ ಕೆನ್ ಶಾಮ್ರಾಕ್ ಕೇಳಿದರೆ ಉತ್ತರವಿಲ್ಲ. ಕೊನೆಗೆ ಎಚ್ಚರ ತಪ್ಪುತ್ತಾನೆ, ಸೋಲೊಪ್ಪುವುದಿಲ್ಲ. ದಾಖಲೆಯ ಪ್ರಕಾರ ಹಾರ್ಟ್ ಗೆದ್ದ. ಆದರೆ ಗೆದ್ದ ಮೇಲೂ ಬಿದ್ದವನ ಕಾಲಿಗೆ ಒದೆಯತೊಡಗಿದಾಗ ಅದೇ ಜನ ಅವನಿಗೆ ಛೀಮಾರಿ ಹಾಕಿದರು. ಆಸ್ಟಿನ್ ಯಾರ ಹೆಗಲನ್ನೂ ಆಶ್ರಯಿಸದೆ ಕುಂಟುತ್ತಾ ನಡೆದುಹೋದಾಗ ಅವನ ಹೆಸರು ಕೂಗಿದರು. ಅರ್ಧ ಗಂಟೆಯೂ ಆಗದ ಒಂದು ಪಂದ್ಯದಲ್ಲಿ ನಾಯಕ ಖಳನಾದ, ಖಳ ನಾಯಕನಾದ, ಒಂದು ವಾಕ್ಯದ ಭಾಷಣವೂ ಅದಕ್ಕೆ ಬೇಕಾಗಲಿಲ್ಲ. ಇಲ್ಲಿ ಗೆದ್ದವನಾರು ಎಂಬುದನ್ನು ಯಾರೋ ಮೊದಲೇ ಬರೆದಿಟ್ಟಿದ್ದರು ಎಂದು ಹೇಳಿದರೆ ಏನು ಕಡಿಮೆಯಾಗುತ್ತದೆ? ಸೋತವನನ್ನು ಜನ ಎತ್ತಿಕೊಂಡದ್ದು ಬರೆದಿಟ್ಟ ಗೆಲುವನ್ನು ದಾಟಿದ ಸಂಗತಿ.

ಇದನ್ನು ಒಪ್ಪದವರ ಮೊದಲ ಮಾತು, ಏನೇ ಆಗಲಿ ಇದು ಮೋಸ ಎಂಬುದು. ಈ ಆಕ್ಷೇಪವನ್ನು ಸುಲಭದಲ್ಲಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಬಹಳ ಕಾಲ ಅದು ನಿಜವಾಗಿಯೂ ಮೋಸವೇ ಆಗಿತ್ತು. ಅಮೆರಿಕದ ಜಾತ್ರೆಗಳಲ್ಲಿ ಬಾಜಿ ಕಟ್ಟಿಸಿಕೊಂಡು ಮೊದಲೇ ಮಾತಾಡಿಕೊಂಡ ಕುಸ್ತಿ ಆಡಿಸಿದವರು ಜನರ ಕಿಸೆಗೆ ಕೈಹಾಕಿದ್ದರು. ಆಮೇಲೂ ಒಳಗುಟ್ಟನ್ನು ಕಾಪಾಡುವುದು ಈ ವೃತ್ತಿಯ ಕಟ್ಟುನಿಟ್ಟಿನ ಆಚಾರವಾಗಿತ್ತು, ರಿಂಗಿನಲ್ಲಿ ಹಗೆಗಳಾದವರು ಹೊರಗೆ ಒಂದೇ ಕಾರಿನಲ್ಲಿ ಕಾಣಿಸಿಕೊಳ್ಳುವಂತಿರಲಿಲ್ಲ. ಆದರೆ 1989ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯೇ ನ್ಯೂಜೆರ್ಸಿಯ ಶಾಸಕರ ಮುಂದೆ ಇದು ಕ್ರೀಡಾಸ್ಪರ್ಧೆಯಲ್ಲ, ಮನರಂಜನೆ ಎಂದು ಹೇಳಿಕೊಂಡಿತು. ಕ್ರೀಡಾ ಆಯೋಗದ ನಿಯಂತ್ರಣ, ತೆರಿಗೆ ತಪ್ಪಿಸಿಕೊಳ್ಳಲು ಹೇಳಿದ ಮಾತು ಅದು, ಪ್ರಾಮಾಣಿಕತೆಯ ಉಮೇದಿನಿಂದಲ್ಲ. ಆದರೂ ಆಮೇಲೆ ಆದದ್ದು ಗಮನಾರ್ಹ. ಗುಟ್ಟು ರಟ್ಟಾದ ಎಂಟು ಹತ್ತು ವರ್ಷಗಳಲ್ಲೇ ಆ ಆಟ ಅದುವರೆಗಿನ ಅತಿ ದೊಡ್ಡ ಜನಪ್ರಿಯತೆಗೆ ಏರಿತು. ಮೋಸದ ಮೇಲೆ ನಿಂತದ್ದಾಗಿದ್ದರೆ ಆ ದಿನವೇ ಕುಸಿಯಬೇಕಿತ್ತು.

ನಮ್ಮಲ್ಲೇ ನೋಡಿ. ಕಾರ್ಕಳದ ಪಕ್ಕದ ಮಿಯ್ಯಾರಿನ ಲವ–ಕುಶ ಜೋಡುಕರೆ ಕಂಬಳಕ್ಕೆ ಹೋಗುವವನೂ ಅದೇ ವಾರ ಊರಿನ ಯಕ್ಷಗಾನ ಬಯಲಾಟದಲ್ಲಿ ಬೆಳಗಿನವರೆಗೆ ಕೂರುವವನೂ ಒಬ್ಬನೇ. ಕಂಬಳದಲ್ಲಿ ಕೋಣಗಳ ಓಟವನ್ನು ಈಗ ಲೇಸರ್ ಕಿರಣದಲ್ಲಿ ಅಳೆಯುತ್ತಾರೆ, ಸೆಕೆಂಡಿನ ನೂರನೇ ಒಂದು ಭಾಗಕ್ಕೂ ತಕರಾರು ಬರುತ್ತದೆ. ಅಲ್ಲಿ ಫಲಿತಾಂಶ ಮೊದಲೇ ನಿಶ್ಚಯವಾಗಿತ್ತು ಎಂದು ತಿಳಿದರೆ ಕರೆಯ ಬದಿಯಲ್ಲೇ ಹೊಡೆದಾಟವಾದೀತು, ಆಗಲೂ ಬೇಕು. ಬಯಲಾಟದಲ್ಲಿ ತದ್ವಿರುದ್ಧ. ಗದಾಪರ್ವದಲ್ಲಿ ಕೌರವ ಗೆದ್ದುಬಿಟ್ಟರೆ ಜನ ಎದ್ದು ಕೇಳುತ್ತಾರೆ. ಒಬ್ಬನೇ ಮನುಷ್ಯ ಎರಡು ಬೇರೆ ಬೇರೆ ಒಪ್ಪಂದಗಳಿಗೆ ಸಹಿ ಹಾಕಿ ಕೂತಿದ್ದಾನೆ, ಎರಡನ್ನೂ ಗೊಂದಲವಿಲ್ಲದೆ ಪಾಲಿಸುತ್ತಾನೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗ ಮೊದಲ ನೆತ್ತರ ಹನಿ ಕಂಡ ಕೂಡಲೇ ನಿಲ್ಲುತ್ತದೆ, ನಿಂತ ಮೇಲೆ ಜಂಬೂಸವಾರಿಗೆ ದಾರಿ. ಗುದ್ದು ನಿಜ, ನೆತ್ತರು ನಿಜ, ಆದರೆ ಅದು ಯಾರು ಬಲಶಾಲಿ ಎಂದು ತೀರ್ಮಾನಿಸುವ ಪಂದ್ಯ ಅಲ್ಲ. ಅಸಲಿ ಮತ್ತು ನಾಟಕ ಎಂಬ ಎರಡೇ ಗೂಡುಗಳಲ್ಲಿ ಇವನ್ನೆಲ್ಲ ತುರುಕಲು ಹೋದರೆ ಒಂದೂ ಸರಿಯಾಗಿ ಕೂರುವುದಿಲ್ಲ.

ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಳೆಯ ಉದಾಹರಣೆ ಇನ್ನೂ ಹತ್ತಿರದ್ದು, ರೆಸ್ಲಿಂಗ್‌ನ ಒಳಗಿನ ಕೆಲಸಕ್ಕೆ ಬಹುಶಃ ಜಗತ್ತಿನಲ್ಲೇ ಅತಿ ಹತ್ತಿರದ್ದು. ವಾಲಿ–ಸುಗ್ರೀವರ ಪ್ರಸಂಗವನ್ನು ತೆಗೆದುಕೊಳ್ಳೋಣ. ಹಗೆ ಹುಟ್ಟಿದ್ದು ಒಂದು ಗುಹೆಯ ಬಾಯಲ್ಲಿ: ಒಳಹೋದ ಅಣ್ಣ ಸತ್ತನೆಂದು ತಿಳಿದು ತಮ್ಮ ಬಂಡೆ ಮುಚ್ಚಿದ, ಬದುಕಿ ಬಂದ ಅಣ್ಣ ಅದನ್ನು ದ್ರೋಹವೆಂದು ಎಣಿಸಿದ. ಇಬ್ಬರಿಗೂ ಹೇಳಲು ನ್ಯಾಯವಿದೆ. ಮಲ್ಲಯುದ್ಧ ನಡೆಯುತ್ತದೆ, ಮೊದಲ ಸಲ ಗುರುತು ಸಿಗದೆ ಸುಗ್ರೀವ ಪೆಟ್ಟು ತಿಂದು ಓಡುತ್ತಾನೆ, ಎರಡನೆಯ ಸಲ ಕೊರಳಿಗೆ ಮಾಲೆ ಹಾಕಿಕೊಂಡು ಬರುತ್ತಾನೆ, ಮರೆಯಲ್ಲಿದ್ದ ಮೂರನೆಯವನ ಬಾಣ ಪಂದ್ಯವನ್ನು ಮುಗಿಸುತ್ತದೆ. ಹೊರಗಿನವನ ಕೈವಾಡದಿಂದ ಮುಗಿಯುವ ಇಂಥ ಪಂದ್ಯಗಳು ರೆಸ್ಲಿಂಗ್ ನೋಡುವವರಿಗೆ ಲೆಕ್ಕವಿಲ್ಲದಷ್ಟು ಪರಿಚಿತ. ಆದರೆ ನಮ್ಮ ಅರ್ಥಗಾರಿಕೆ ನಿಜವಾಗಿ ಶುರುವಾಗುವುದೇ ಬಾಣ ಬಿದ್ದ ಮೇಲೆ. ಮರೆಯಲ್ಲಿ ನಿಂತು ಹೊಡೆದದ್ದೇಕೆ ಎಂದು ವಾಲಿ ಕೇಳುತ್ತಾನೆ. ಪದ್ಯಗಳು ನಿಶ್ಚಿತ, ವಾಲಿಯ ಸಾವು ನಿಶ್ಚಿತ, ಭಾಗವತರು ಮುಂದಿನ ಪದ್ಯ ಎತ್ತಿದರೆ ಮಾತು ನಿಲ್ಲಲೇಬೇಕು. ಆ ಎರಡು ಪದ್ಯಗಳ ನಡುವಿನ ಮಾತು ಮಾತ್ರ ಸಂಪೂರ್ಣ ಬಿಡುಬೀಸು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಗೆ ರಾಮನಾಗಿ ಕೂತವನು ಆ ರಾತ್ರಿ ನಿಜವಾಗಿಯೂ ಉತ್ತರ ಹುಡುಕಬೇಕಾಗಿತ್ತು. ಶೇಣಿ, ಸಾಮಗರಂಥ ಅರ್ಥಧಾರಿಗಳು ಮುಖಾಮುಖಿ ಎಂದು ಕೇಳಿದರೆ ದೂರದೂರಿಂದ ಜನ ಬರುತ್ತಿದ್ದುದು ವಾಲಿ ಸಾಯುತ್ತಾನೋ ಉಳಿಯುತ್ತಾನೋ ಎಂಬ ಕುತೂಹಲದಿಂದಲ್ಲ. ರೆಸ್ಲಿಂಗ್ ಕೂಡ ಹೀಗೆಯೇ ನಡೆಯುತ್ತದೆ. ಮುಕ್ತಾಯ ನಿಶ್ಚಿತ. ನಡುವಿನ ಬಹುಪಾಲನ್ನು ಅನುಭವಿ ಆಟಗಾರರು ಅಲ್ಲೇ, ಪ್ರೇಕ್ಷಕರ ಉಸಿರನ್ನು ಕೇಳಿಕೊಂಡು, ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟಿಕೊಂಡು ಕಟ್ಟುತ್ತಾರೆ. ರೆಫರಿ ಹೊತ್ತು ಎಷ್ಟಾಯಿತೆಂದು ತಿಳಿಸುತ್ತಾನೆ, ಭಾಗವತರ ಪಾಲು ಅವನದು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಪುರಾಣದ ಹಗೆಯಲ್ಲಿ ಧರ್ಮದ ಪ್ರಶ್ನೆಯಿದೆ, ಟಿವಿಯ ಹಗೆಯಲ್ಲಿ ಅರಚಾಟ ಮಾತ್ರ ಇದೆ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯ ಖಂಡಿತ ಇದೆ, ಆ ಅರ್ಧವನ್ನು ಮುಚ್ಚಿಡುವುದು ಸರಿಯಲ್ಲ. ಹಗೆಯ ಗುಣ ನಿರ್ಧಾರವಾಗುವುದು ಖಳನ ಗುಣದಿಂದ. ರನ್ನ ತನ್ನ ಗದಾಯುದ್ಧದಲ್ಲಿ ಇದನ್ನು ಸಾವಿರ ವರ್ಷದ ಹಿಂದೆಯೇ ತೋರಿಸಿಕೊಟ್ಟ. ಕಾವ್ಯದ ನಾಯಕ ಭೀಮ, ಆದರೆ ಓದಿ ಮುಗಿಸಿದವನ ಮನಸ್ಸಿನಲ್ಲಿ ಉಳಿಯುವುದು ರಣರಂಗದಲ್ಲಿ ಸತ್ತುಬಿದ್ದ ತಮ್ಮನನ್ನೂ ಗೆಳೆಯನನ್ನೂ ಕಂಡು ಮರುಗುತ್ತ ನಡೆಯುವ ದುರ್ಯೋಧನ. ಎದುರಾಳಿ ಅಷ್ಟು ದೊಡ್ಡವನಾದ್ದರಿಂದಲೇ ಕೊನೆಯ ಹೊಡೆತಕ್ಕೆ ತೂಕ. ರೆಸ್ಲಿಂಗ್ ಈ ಶ್ರಮ ತಪ್ಪಿಸಿಕೊಳ್ಳಲು ಅನೇಕ ಸಲ ಹಿಡಿದ ಅಡ್ಡದಾರಿ ಪರದೇಶಿಯನ್ನು ಖಳನನ್ನಾಗಿಸುವುದು. ಇರಾನಿನಿಂದ ಬಂದ, ನಿಜಕ್ಕೂ ಸಮರ್ಥ ಕುಸ್ತಿಪಟುವಾಗಿದ್ದ ಐರನ್ ಶೇಖ್ 1983ರ ಡಿಸೆಂಬರಿನಲ್ಲಿ ಚಾಂಪಿಯನ್ ಆದದ್ದು ಮುಂದಿನ ತಿಂಗಳು ಹಲ್ಕ್ ಹೋಗನ್‌ಗೆ ಸೋಲುವುದಕ್ಕಾಗಿ. 1991ರಲ್ಲಿ ಕೊಲ್ಲಿ ಯುದ್ಧ ಬಂದಾಗ ಅದೇ ಮನುಷ್ಯನಿಗೆ ಇರಾಕಿ ಸೇನಾಧಿಕಾರಿಯ ವೇಷ ಹಾಕಿಸಿದರು. ಇರಾನ್ ಮತ್ತು ಇರಾಕ್ ಎಂಟು ವರ್ಷ ಪರಸ್ಪರ ಯುದ್ಧ ಮಾಡಿ ಆಗಷ್ಟೇ ಮುಗಿಸಿದ್ದವು ಎಂಬುದು ವೇಷ ಹೊಲಿದವರಿಗೆ ಮುಖ್ಯವೆನಿಸಲಿಲ್ಲ. ನಮ್ಮವರಿಗೂ ಇದೇ ಗತಿ. ಹಿಮಾಚಲ ಪ್ರದೇಶದ ದಿ ಗ್ರೇಟ್ ಖಲಿ 2006ರಲ್ಲಿ ಅಂಡರ್‌ಟೇಕರ್ ಮೇಲೆ ಎರಗುವ ದೈತ್ಯನಾಗಿ ಬಂದ, 2007ರಲ್ಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದ. ಅವನ ಎತ್ತರವೇ ಅವನ ಕಥೆ, ಅದರಾಚೆಗೆ ಏನನ್ನೂ ಬರೆಯುವ ತೊಂದರೆ ಯಾರೂ ತೆಗೆದುಕೊಳ್ಳಲಿಲ್ಲ. 2017ರ ಮೇ ತಿಂಗಳಲ್ಲಿ ರಾಂಡಿ ಆರ್ಟನ್‌ನನ್ನು ಸೋಲಿಸಿ ಚಾಂಪಿಯನ್ ಆದ ಜಿಂದರ್ ಮಹಲ್ ಹುಟ್ಟಿದ್ದೇ ಕೆನಡಾದಲ್ಲಿ. ರಿಂಗಿನಲ್ಲಿ ನಿಂತು ಪಂಜಾಬಿ ಮಾತಾಡುವುದೇ ಅವನ ಅಪರಾಧವಾಗಿತ್ತು. ಭಾರತದ ಮಕ್ಕಳು ಟಿವಿಯ ಮುಂದೆ ಚಪ್ಪಾಳೆ ತಟ್ಟುತ್ತಿದ್ದ ಹೊತ್ತಿಗೆ ಅಮೆರಿಕದ ಸಭಾಂಗಣಗಳಲ್ಲಿ ಅವನಿಗೆ ಸಿಗುತ್ತಿದ್ದುದು ಧಿಕ್ಕಾರ. ಇಂಥ ಖಳನಿಗೆ ಹೇಳಿಕೊಳ್ಳಲು ನ್ಯಾಯವಿಲ್ಲ, ಆದ್ದರಿಂದ ಅವನ ಸೋಲಿಗೂ ಬೆಲೆಯಿಲ್ಲ. ಇದು ಜನಾಂಗದ ಅವಮಾನ ಮಾತ್ರವಲ್ಲ, ಕಥೆ ಕಟ್ಟುವವರ ಸೋಮಾರಿತನವೂ ಹೌದು. ವಾಲಿಗೆ ಕೊಟ್ಟ ಮಾತಿನ ಹಕ್ಕನ್ನು ಇವರಿಗೆ ಕೊಡಲಿಲ್ಲ.

ಹಾಗೆಂದು ಆ ಆಟಕ್ಕೆ ಧರ್ಮಸಂಕಟ ಒಗ್ಗುವುದೇ ಇಲ್ಲ ಎನ್ನುವುದು ತಪ್ಪು. ರೋಮನ್ ರೇನ್ಸ್ ಎಂಬ ಸಮೋವಾ ಮೂಲದ ಚಾಂಪಿಯನ್, ತನ್ನ ದಾಯಾದಿಗಳನ್ನೇ ಕಾವಲಿಗೆ ಕಟ್ಟಿಕೊಂಡು ಕುಲದ ಯಜಮಾನನೆಂದು ಮೆರೆದ ಕಥೆ ಮೂರೂವರೆ ವರ್ಷಕ್ಕೂ ಮಿಕ್ಕಿ ನಡೆಯಿತು. ಅದರೊಳಗೆ ಸ್ಯಾಮಿ ಝೇನ್ ಎಂಬ ಹೊರಗಿನವನೊಬ್ಬ ಆ ಕುಟುಂಬದ ಪ್ರೀತಿ ಗಳಿಸಲು ಹಂಬಲಿಸಿ ಸೇರಿಕೊಳ್ಳುತ್ತಾನೆ. 2023ರ ಜನವರಿ 28ರಂದು ಸ್ಯಾನ್ ಆಂಟೋನಿಯೊದಲ್ಲಿ ಯಜಮಾನ ಅವನ ಕೈಗೆ ಕಬ್ಬಿಣದ ಕುರ್ಚಿ ಕೊಟ್ಟು, ಬೇಡಿ ಹಾಕಿ ನಿಲ್ಲಿಸಿದ ಅವನ ಹಳೆಯ ಗೆಳೆಯ ಕೆವಿನ್ ಓವೆನ್ಸ್‌ನನ್ನು ಹೊಡೆ ಎನ್ನುತ್ತಾನೆ. ಅನ್ನ ಕೊಟ್ಟವನೋ, ಒಡನಾಡಿಯೋ? ಕರ್ಣನ ಕಥೆ ಕೇಳಿ ಬೆಳೆದವರಿಗೆ ಆ ಗಳಿಗೆಯ ಭಾರವನ್ನು ವಿವರಿಸಬೇಕಾಗಿಲ್ಲ. ಝೇನ್ ಬಹಳ ಹೊತ್ತು ನಿಲ್ಲುತ್ತಾನೆ, ಕೊನೆಗೆ ಕುರ್ಚಿ ಬೀಸುವುದು ಯಜಮಾನನ ಬೆನ್ನಿಗೆ. ಅದೇ ರೇನ್ಸ್ ಎದುರು 2023ರಲ್ಲಿ ಸೋತ ಕೋಡಿ ರೋಡ್ಸ್, ತನ್ನ ತಂದೆ ಡಸ್ಟಿ ರೋಡ್ಸ್‌ಗೆ ಎಂದೂ ದಕ್ಕದ ಪಟ್ಟವನ್ನು ಪಡೆಯಲು ಇನ್ನೊಂದು ವರ್ಷ ಕಾಯಬೇಕಾಯಿತು. 2024ರ ಏಪ್ರಿಲ್ 7ರಂದು ಗೆದ್ದಾಗ ರೇನ್ಸ್‌ನ 1,316 ದಿನಗಳ ಆಳ್ವಿಕೆ ಮುಗಿಯಿತು. ಮೊದಲ ವರ್ಷವೇ ಗೆಲ್ಲಿಸಿದ್ದರೆ ಖುಷಿಯಾಗುತ್ತಿತ್ತು, ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಪುರಾಣಕ್ಕೆ ಇರುವ ಅನುಕೂಲ, ಕೇಳುಗನಿಗೆ ಹಿಂದಿನ ಕಥೆಯೆಲ್ಲ ತೊಟ್ಟಿಲಲ್ಲೇ ಗೊತ್ತಾಗಿರುವುದು. ರೆಸ್ಲಿಂಗ್ ತನ್ನ ಪುರಾಣವನ್ನು ತಾನೇ ವಾರವಾರ ಬರೆದುಕೊಳ್ಳಬೇಕು. ಬಹುಪಾಲು ವಾರ ಅದು ಎಡವುತ್ತದೆ. ಎಂದೂ ಮುಗಿಯದ ಧಾರಾವಾಹಿಯಾದ್ದರಿಂದ ಸಲ್ಲಬೇಕಾದ ಸಾವನ್ನು ಹಗೆಗೆ ಸಲ್ಲಿಸುವುದೇ ಇಲ್ಲ, ಇಂದು ಬದ್ಧವೈರಿಗಳಾದವರು ಆರು ತಿಂಗಳಲ್ಲಿ ಜತೆಗಾರರಾಗಿ ಬಂದು ನಗುತ್ತಾರೆ. ಇದು ಅದರ ಅತಿ ದೊಡ್ಡ ದೋಷ.

ಮುಕ್ತಾಯ ಮೊದಲೇ ನಿಶ್ಚಿತ ಎಂದಾಗ ಅದನ್ನು ನಿಶ್ಚಯಿಸುವವನ ಮೇಲೆ ಎಷ್ಟು ಹೊಣೆ ಬೀಳುತ್ತದೆ ಎಂಬುದನ್ನು ನಮ್ಮ ನೆಲದ ಕವಿಯೊಬ್ಬನ ಕೆಲಸ ತೋರಿಸುತ್ತದೆ. 16ನೇ ಶತಮಾನದ ಮೂಡುಬಿದಿರೆಯ ರತ್ನಾಕರವರ್ಣಿ, ಕಾರ್ಕಳದ ಭೈರರಸರ ಆಸ್ಥಾನದೊಂದಿಗೆ ಹೆಸರು ಬೆಸೆದುಕೊಂಡವನು, ಭರತೇಶ ವೈಭವದಲ್ಲಿ ಭರತನನ್ನು ನಾಯಕನನ್ನಾಗಿ ಮಾಡಿಕೊಂಡ. ನಾಯಕನೇ ತಮ್ಮನ ಮೇಲೆ ಚಕ್ರ ಎಸೆದರೆ ಕಾವ್ಯ ಉಳಿಯದು. ಆದ್ದರಿಂದ ಅವನು ಶತಮಾನಗಳ ಪರಂಪರೆಯನ್ನು ಬದಿಗಿಟ್ಟು ಆ ಯುದ್ಧಗಳನ್ನೇ ಕೈಬಿಟ್ಟ. ರಣಭೂಮಿಯಲ್ಲಿ ಅಣ್ಣನ ಮೃದುಮಾತಿಗೆ ತಮ್ಮನ ಮನಸ್ಸು ಕರಗುತ್ತದೆ. ಅದೇ ಇಬ್ಬರು, ಅದೇ ಹಗೆ, ಪಟ್ಟು ಹಾಕುವ ಮೊದಲೇ ಬೇರೆಯ ಮುಕ್ತಾಯ. ಯಾರ ಪಕ್ಷದಲ್ಲಿ ನಿಂತು ಕಥೆ ಹೇಳುತ್ತಿದ್ದೇನೆ ಎಂಬುದನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. ರೆಸ್ಲಿಂಗ್‌ನ ಕಥೆಗಾರರಲ್ಲಿ ಒಳ್ಳೆಯವರನ್ನು ಕೆಟ್ಟವರಿಂದ ಬೇರ್ಪಡಿಸುವುದೂ ಈ ಎಚ್ಚರವೇ.

ಮುಕ್ತಾಯ ಬರೆಯುವ ಅಧಿಕಾರ ದುರುಪಯೋಗವಾದಾಗ ಏನಾಗುತ್ತದೆ ಎಂಬುದಕ್ಕೆ 1997ರ ನವೆಂಬರ್ 9ರ ಮಾಂಟ್ರಿಯಲ್ ಸಾಕ್ಷಿ. ಬೇರೆ ಕಂಪನಿ ಸೇರಲು ಹೊರಟಿದ್ದ ಬ್ರೆಟ್ ಹಾರ್ಟ್, ತನ್ನ ದೇಶದ ಜನರೆದುರು ಶಾನ್ ಮೈಕಲ್ಸ್‌ಗೆ ಸೋಲಲು ಒಪ್ಪಿರಲಿಲ್ಲ. ಅವನಿಗೆ ಒಂದು ಮುಕ್ತಾಯ ಹೇಳಿ, ರಿಂಗಿನ ಬದಿಯಲ್ಲಿ ನಿಂತ ಮಾಲೀಕ ವಿನ್ಸ್ ಮೆಕ್‌ಮಹನ್ ಹಾರ್ಟ್ ಸೋಲೊಪ್ಪದೆಯೇ ಗಂಟೆ ಬಾರಿಸಲು ಆಜ್ಞೆ ಮಾಡಿದ. ನಾಟಕದೊಳಗೆ ನಡೆದ ನಿಜವಾದ ದ್ರೋಹ ಅದು. ಮುಂದೆ ಕಂಪನಿ ಆ ಸಿಟ್ಟನ್ನೇ ಬಂಡವಾಳ ಮಾಡಿಕೊಂಡು ಮಾಲೀಕನನ್ನು ಖಳನ ವೇಷದಲ್ಲಿ ರಿಂಗಿಗಿಳಿಸಿತು, ಅವನೆದುರು ಆಸ್ಟಿನ್‌ನನ್ನು ನಿಲ್ಲಿಸಿತು. ಕೆಲಸಗಾರ ಯಜಮಾನನಿಗೆ ಹೊಡೆಯುವ ಆ ಕಥೆ ಕೋಟ್ಯಂತರ ಜನರಿಗೆ ತಮ್ಮದೇ ಕಥೆಯೆನಿಸಿತು. ಆ ಕಾಲದಲ್ಲಿ ಅಮೆರಿಕದ ಎರಡು ಕಂಪನಿಗಳು ಸೋಮವಾರ ರಾತ್ರಿ ಒಂದೇ ಹೊತ್ತಿಗೆ ಆಟ ತೋರಿಸುತ್ತಿದ್ದವು, 1995ರಿಂದ 2001ರವರೆಗೆ. ನಮ್ಮ ಜೋಡಾಟದಲ್ಲಿ ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಎರಡು ಮೇಳಗಳು ಒಂದೇ ಪ್ರಸಂಗವನ್ನು ಪಣತೊಟ್ಟು ಆಡಿದರೆ ಜನ ಚೆಂಡೆಯ ಜೋರು ಕೇಳಿದತ್ತ ಮುಖ ತಿರುಗಿಸುತ್ತಾರಲ್ಲ, ಅಲ್ಲಿ ಅದೇ ಕೆಲಸವನ್ನು ರಿಮೋಟ್ ಮಾಡಿತು. 2001ರ ಮಾರ್ಚಿನಲ್ಲಿ ಒಂದು ಕಂಪನಿ ಇನ್ನೊಂದನ್ನು ಕೊಂಡುಕೊಂಡಿತು. ಆಮೇಲೆ ವರ್ಷಗಟ್ಟಲೆ ಕಥೆಗಳು ಮಂಕಾದವು. ಬರೆದ ಹಗೆಗೆ ಹುರುಪು ಕೊಡುತ್ತಿದ್ದ ಬರೆಯದ ಹಗೆಯೊಂದು ಇಲ್ಲವಾಗಿತ್ತು.

ಕೊನೆಯ ಆಕ್ಷೇಪ ದೇಹದ್ದು, ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಯಕ್ಷಗಾನದ ಯುದ್ಧ ಕುಣಿತದಲ್ಲಿ ಮುಗಿಯುತ್ತದೆ, ಗದೆ ಮೈಗೆ ತಾಗುವುದಿಲ್ಲ. ರೆಸ್ಲಿಂಗ್‌ನಲ್ಲಿ ಫಲಿತಾಂಶ ಮಾತ್ರ ಬರೆದದ್ದು, ಬೀಳುವುದು ಬಿದ್ದದ್ದೇ. ಹಲಗೆಯ ಮೇಲೆ ತೆಳುವಾದ ಹಾಸು, ಅದರ ಮೇಲೆ ವರ್ಷಕ್ಕೆ ನೂರಾರು ರಾತ್ರಿ ಬೆನ್ನು ಬಡಿದುಕೊಂಡ ಮನುಷ್ಯನ ಕುತ್ತಿಗೆ, ಮಂಡಿ ಐವತ್ತರ ಮೊದಲೇ ಸೋಲುತ್ತವೆ. 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ ಬ್ರೆಟ್‌ನ ತಮ್ಮ ಓವೆನ್ ಹಾರ್ಟ್ ಸಭಾಂಗಣದ ಮಾಡಿನಿಂದ ಹಗ್ಗದಲ್ಲಿ ಇಳಿಯುವ ತಮಾಷೆಯ ಪ್ರವೇಶಕ್ಕೆ ಸಿದ್ಧನಾಗಿದ್ದಾಗ ಕೊಂಡಿ ಕಳಚಿ ಕೆಳಗೆ ಬಿದ್ದು ಸತ್ತ. ಅಂದಿನ ಪ್ರದರ್ಶನವನ್ನು ಅಲ್ಲಿಗೇ ನಿಲ್ಲಿಸಲಿಲ್ಲ, ಮುಂದುವರಿಸಿದರು. ಕುರ್ಚಿಯಿಂದ ತಲೆಗೆ ಹೊಡೆಯುವುದನ್ನು ಕಂಪನಿ ನಿಷೇಧಿಸಿದ್ದು 2010ರಲ್ಲಿ, ಅಷ್ಟರೊಳಗೆ ಎಷ್ಟೋ ಮೆದುಳುಗಳು ಪೆಟ್ಟು ತಿಂದಾಗಿತ್ತು. ಮಕ್ಕಳು ಅನುಕರಿಸಿ ಗಾಯ ಮಾಡಿಕೊಳ್ಳುತ್ತಾರೆ ಎಂಬ ತಂದೆತಾಯಿಯರ ಭಯವೂ ಇಲ್ಲಿಗೇ ಸೇರುತ್ತದೆ. ಇದೆಲ್ಲ ಸುಳ್ಳು ಎಂದು ಮಗುವಿಗೆ ಹೇಳಿಕೊಟ್ಟರೆ, ಸುಳ್ಳಾದರೆ ನೋವಾಗದು ಎಂದುಕೊಂಡು ಅದು ತಂಗಿಯನ್ನು ಎತ್ತಿ ಹಾಸಿಗೆಯಾಚೆ ಎಸೆದೀತು. ಗೆಲುವು ಬರೆದದ್ದು, ಬೀಳುವುದು ನಿಜ, ಬೀಳಲು ವರ್ಷಗಟ್ಟಲೆ ಕಲಿಯಬೇಕು ಎಂದು ಹೇಳುವುದೇ ಸರಿಯಾದ ದಾರಿ.

ಇಷ್ಟೆಲ್ಲ ಪೆಟ್ಟು ತಿನ್ನುವ ಡಬ್ಲ್ಯುಡಬ್ಲ್ಯುಇ ಆಟಗಾರರು ಕಾಗದದ ಮೇಲೆ ಆ ಕಂಪನಿಯ ನೌಕರರೂ ಅಲ್ಲ, ಸ್ವತಂತ್ರ ಗುತ್ತಿಗೆದಾರರು. ನೌಕರನಿಗೆ ಸಿಗುವ ರಕ್ಷಣೆಗಳಿಗೆ ಅವರು ಹೊರಗಿನವರು. ಅವರಿಗೊಂದು ಸಂಘ ಕಟ್ಟುವ ಮಾತು ದಶಕಗಳಿಂದ ಎದ್ದು ಬೀಳುತ್ತಿದೆ. ಯಕ್ಷಗಾನ ಮೇಳಗಳ ಕಲಾವಿದರ ಬದುಕೂ ಸುಖದ್ದೇನಲ್ಲ. ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮಳೆಗಾಲ ಪೂರ್ತಿ ಸಂಬಳವಿಲ್ಲ, ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುವವರು ಎಷ್ಟೋ ಜನ. ಆದರೆ ಉಡುಪಿಯಲ್ಲಿ 1975ರಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗ ಯಕ್ಷನಿಧಿ ಎಂಬ ವ್ಯವಸ್ಥೆ ಮಾಡಿ ವೃತ್ತಿ ಕಲಾವಿದರ ವಿಮೆ, ಮನೆ, ಕಾಯಿಲೆಯ ಖರ್ಚು, ಸತ್ತವರ ಕುಟುಂಬದ ನೆರವು ಇವುಗಳ ಹೊಣೆಯನ್ನು ತಾನಾಗಿ ಹೊತ್ತುಕೊಂಡಿತು. ಹಣ ಹಾಕಿದವರು ಪ್ರೇಕ್ಷಕರು, ವಾಲಿ ಸಾಯುತ್ತಾನೆಂದು ಗೊತ್ತಿದ್ದೂ ರಾತ್ರಿಯಿಡೀ ಕೂತವರು.